ಬೂದಪ್ಪ ನಮ್ಮ ಮನೆಗೆ ಬಂದ ಆಷಾಢ

ಮೊನ್ನೆ ಪಾಂಡವಪುರದಲ್ಲಿ ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದೆ. ಕಲ್ಲಿನಿಂದ ಆಗತಾನೆ ಇಳಿದ ಹಿಟ್ಟಿಗೆ ಒಂದು ಬಿಸಿ ವಾಸನೆ ಇರುತ್ತದಲ್ಲ, ಸ್ವಲ್ಪ ಹುರಿದಂತೆ, ಸ್ವಲ್ಪ ಮಣ್ಣಿನಂತೆ, ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತಲ್ಲಿ ನಿಲ್ಲದಾಯಿತು. ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಗಿರಣಿಯವನು, "ಯಾಕ್ ಸಾ, ಬಸ್ಸು ಒಂಟೋಯ್ತದಾ?" ಅಂದ. ಬಸ್ಸೇನೂ ಇರಲಿಲ್ಲ. ನನಗೆ ನೆನಪಾದದ್ದು ಮೂರು ವರ್ಷದ ಹಿಂದಿನ ಆಷಾಢ, ಇದೇ ವಾಸನೆಯನ್ನು ಮೈತುಂಬ ಹೊತ್ತುಕೊಂಡು ನಮ್ಮ ಮನೆಗೆ ಬಂದ ಒಂದು ಗಿಣಿ.

ನಾಗಮಂಗಲದಲ್ಲಿ ನಮ್ಮ ಚಿಕ್ಕವ್ವನ ಹಿಟ್ಟಿನ ಗಿರಣಿ ಇದೆ. ಅವ್ವನ ತಂಗಿ ಅವಳು. ಚಿಕ್ಕಂದಿನಲ್ಲಿ ನನ್ನ ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆಯುತ್ತಿತ್ತು. ಮೋಟರಿನ ಸದ್ದನ್ನೂ ಮೀರಿ ಮಾತಾಡುವುದು, ಒಂದೇ ಉಸಿರಿಗೆ ಬೈದು ಇನ್ನೊಂದು ಉಸಿರಿಗೆ ಊಟಕ್ಕೆ ಕರೆಯುವುದು, ಕಥೆಯನ್ನು ಎಲ್ಲಿ ನಿಲ್ಲಿಸಿದರೆ ಕೇಳುವವನು ಎದ್ದು ಹೋಗುವುದಿಲ್ಲ ಎನ್ನುವುದು, ಇದನ್ನೆಲ್ಲ ನಾನು ಅವಳಿಂದ ಕಲಿತವನು. ಗಿರಣಿಗೆ ಅಂಟಿಕೊಂಡ ಕೋಣೆಯಲ್ಲಿ ಅವಳ ಗಿಣಿಯ ಪಂಜರ. ಹಸಿರು ಗಿಣಿಯಲ್ಲ. ಹೊರದೇಶದ ಜಾತಿಯದು, ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕುಂಕುಮದ ಕೆಂಪು. ಆ ಆಷಾಢಕ್ಕೆ ಹನ್ನೆರಡು ವರ್ಷ ಮೊದಲು ಚಿಕ್ಕಪ್ಪ ಮೈಸೂರಿನಿಂದ ಮರಿಯಾಗಿ ತಂದದ್ದು. ಅದಕ್ಕೆ ಬೇಕಾದ ಕಾಗದಪತ್ರವನ್ನೆಲ್ಲ ಮನೆಪತ್ರದ ಜೊತೆಯಲ್ಲೇ ಇಟ್ಟಿದ್ದರು. ಬಣ್ಣ ನೋಡಿ ಚಿಕ್ಕವ್ವ ಬೂದಪ್ಪ ಎಂದು ಕರೆದಳು. ಚೀಲ ಹೊತ್ತು ಯಾರು ಬಾಗಿಲಿಗೆ ಬಂದರೂ "ಯಾರ್ದಪ್ಪಾ ರಾಗಿ?" ಎಂದು ಕೇಳುವುದು ಅವನ ಕೆಲಸ. ಕೇಳುವುದು ಚಿಕ್ಕವ್ವನ ದನಿಯಲ್ಲೇ. ಹೊಸಬರು ಅವಳನ್ನು ಹುಡುಕಿಕೊಂಡು ಒಳಗೆ ಬಂದು, ಗಿಣಿಯನ್ನು ಕಂಡು ಪೆಚ್ಚಾಗುತ್ತಿದ್ದರು.

ಆ ವರ್ಷ ಚಿಕ್ಕವ್ವನಿಗೆ ಉಬ್ಬಸ ಹೆಚ್ಚಾಯಿತು. ಎರಡು ಸಲ ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಕೊಡಿಸಬೇಕಾಯಿತು. ಹಿಟ್ಟಿನ ಧೂಳು ಆಗದು, ಈ ಜಾತಿಯ ಗಿಣಿಯ ಮೈಯಿಂದ ಸದಾ ಉದುರುವ ಬಿಳಿ ಪುಡಿಯಂತೂ ಆಗಲೇ ಆಗದು, ಎರಡನ್ನೂ ಬಿಡದಿದ್ದರೆ ಇನ್ನೊಂದು ಸಲ ಇಲ್ಲಿಗೆ ಬರುವಷ್ಟು ಹೊತ್ತು ಸಿಗಲಿಕ್ಕಿಲ್ಲ ಎಂದು ಡಾಕ್ಟರು ಮುಖಕ್ಕೆ ಹೇಳಿಬಿಟ್ಟರು. ಗಿರಣಿಯನ್ನು ಮಗನಿಗೆ ಬಿಟ್ಟಳು. ಬೂದಪ್ಪನನ್ನು ಯಾರಿಗೆ ಬಿಡುವುದು? ನನಗೆ ಫೋನು ಬಂತು.

"ಲೇ ಸಿದ್ದಾ, ಬೇರೆ ಯಾರ್ಗೂ ಕೊಡಾಕೆ ನಂಗೆ ಮನ್ಸಿಲ್ಲ ಕಣ್ಲಾ. ನಿನ್ ಎಂಡ್ರು ಮನೇಲೇ ಇರ್ತಾಳೆ. ನೀನಂತೂ ಬೇಕಾಗಿಲ್ಲ, ನೀನು ಒಂದ್ ಕಡೆ ಕುಂತಿದ್ದನ್ನ ನಾನು ನೋಡೇ ಇಲ್ಲ."

ಹೆಂಡತಿ ಸವಿತಾಳನ್ನು ಕೇಳದೆಯೇ ಒಪ್ಪಿಕೊಂಡೆ. ಅವಳು ನಮ್ಮ ಬಾಬುರಾಯನಕೊಪ್ಪಲಿನ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಸುದ್ದಿ ಕೇಳಿ, "ಬರ್ಲಿ ಬುಡಿ, ಇರೋ ಒಬ್ರನ್ನೇ ಸುಧಾರ್ಸ್ಕಂಡ್ ಓಯ್ತಾ ಇವ್ನಿ" ಅಂದಳು.

ಕರೆದುಕೊಂಡು ಬಂದ ದಿನ ಆಷಾಢದ ಗಾಳಿ ಹೇಗೆ ಬೀಸುತ್ತಿತ್ತೆಂದರೆ, ಜಕ್ಕನಹಳ್ಳಿಯ ಹತ್ತಿರ ನಮ್ಮ ಗೂಡ್ಸ್ ಆಟೋ ರಸ್ತೆಯ ಅಂಚಿಗೆ ಸರಿಯಿತು. ಪಂಜರಕ್ಕೆ ಹೊದಿಸಿದ ಚಿಕ್ಕವ್ವನ ಹಳೆಯ ಸೀರೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹೊರಡುವಾಗ ಚಿಕ್ಕವ್ವ ಮೂಗಿಗೆ ಸೆರಗು ಹಿಡಿದುಕೊಂಡು ಪಂಜರದ ಹತ್ತಿರ ಬಂದಳು. ಅಳಲಿಲ್ಲ. ದಿನಾ ಸಂತೆಗೋ ದೇವಸ್ಥಾನಕ್ಕೋ ಹೋಗುವಾಗ ಹೇಳುವಂತೆ, "ಓಗ್ಬತ್ತೀನಿ ಕಣಪ್ಪ" ಎಂದು ಹೇಳಿ ಒಳಗೆ ನಡೆದಳು. ನಮ್ಮ ಕಡೆ ಯಾರೂ ಹೋಗುತ್ತೇನೆ ಎಂದು ಹೇಳಿ ಹೋಗುವುದಿಲ್ಲ. ಸಾವಿನ ಮನೆಯೊಂದನ್ನು ಬಿಟ್ಟು ಎಲ್ಲಿಂದ ಹೊರಟರೂ ಹೋಗಿ ಬರ್ತೀನಿ ಎಂದೇ ಹೇಳಬೇಕು. ಅವಳ ಬಾಯಿಗೆ ಬೇರೆ ಮಾತು ಬರುವುದಾದರೂ ಹೇಗೆ?

ಮೊದಲ ಹದಿನೈದು ದಿನ ಬೂದಪ್ಪ ಒಂದು ಸದ್ದೂ ಮಾಡಲಿಲ್ಲ. ಕೋಲಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ತಿರುಗುವಾಗಲೆಲ್ಲ ತಲೆಯನ್ನು ಒಮ್ಮೆ ಜಗ್ಗಿ ಬೀದಿ ಬಾಗಿಲನ್ನು ನೋಡುತ್ತಿದ್ದ. ಅವನ ಓಡಾಟ ನೋಡಿ ನನಗೂ ಕೂರಲಾಗುತ್ತಿರಲಿಲ್ಲ. ನಾನು ಪಾಂಡವಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲೂ ನನ್ನ ಕುರ್ಚಿ ಖಾಲಿ ಇರುವುದೇ ಹೆಚ್ಚು ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ. ಮನೆಗೆ ಬಂದವನೇ ಪಂಜರದ ಮುಂದೆ ನಿಲ್ಲುವುದು, ಚಿಟಿಕೆ ಹೊಡೆಯುವುದು, ಕೀಲಿಗೊಂಚಲು ಆಡಿಸುವುದು, ದಾಳಿಂಬೆ ಬಿಡಿಸಿ ಸರಳಿನ ನಡುವೆ ತೂರಿಸುವುದು. ಅವನು ಹಿಂದಿನ ಮೂಲೆಗೆ ಹೋಗಿ ಅಂಟಿಕೊಳ್ಳುತ್ತಿದ್ದ. ಚಿಕ್ಕವ್ವನ ತಟ್ಟೆಯಿಂದ ದಿನಾ ಮುದ್ದೆ ತಿನ್ನುತ್ತಿದ್ದವನು ಸವಿತಾ ಇಟ್ಟ ಮುದ್ದೆಯನ್ನು ಕಾಲಲ್ಲಿ ಒದ್ದು ಕೆಳಗೆ ಹಾಕಿದ.

ಮೂರನೆಯ ವಾರ ಪಂಜರದ ತಳದಲ್ಲಿ ಪುಕ್ಕಗಳು ಕಂಡವು. ಮೊದಲು ನಾಲ್ಕಾರು, ಆಮೇಲೆ ಹಿಡಿ ತುಂಬುವಷ್ಟು. ಅವನೇ ಕಿತ್ತುಕೊಳ್ಳುತ್ತಿದ್ದ. ಎದೆಯ ಮೇಲೆ ಅಂಗೈಯಗಲ ಚರ್ಮ ಬರಿದಾಗಿ, ಅಲ್ಲಲ್ಲಿ ರಕ್ತ ಜಿನುಗುತ್ತಿತ್ತು. ಎದುರುಮನೆಯ ನಿಂಗಣ್ಣ ಜಗುಲಿಗೆ ಬಂದು ಇಣುಕಿ, "ಏನ್ಲಾ ಸಿದ್ದರಾಜು, ಗಿಣಿ ಅಂದಿ. ಮಾರಮ್ಮನ ಅಬ್ಬಕ್ಕೆ ಅರ್ಧ ಸುಲ್ದು ಬುಟ್ಟ ಕೋಳಿ ಇದ್ದಂಗದಲ್ಲಾ" ಅಂದ. ಇನ್ನೊಂದು ದಿನವಾದರೆ ನಗುತ್ತಿದ್ದೆ. ಅವತ್ತು ಬಾಗಿಲು ಹಾಕಿಕೊಂಡೆ.

ಚಿಕ್ಕವ್ವ ದಿನಾ ಸಂಜೆ ಫೋನು ಮಾಡುತ್ತಿದ್ದಳು. ಪುಕ್ಕದ ವಿಷಯ ನಾನು ಮುಚ್ಚಿಟ್ಟಿದ್ದೆ. ತಿಂತಾ ಇಲ್ಲ ಎಂದಷ್ಟೇ ಹೇಳಿದೆ.

"ಕಣ್ಣಾಗಿರ್ತದೆ ಕಣ್ಲಾ. ಆ ನಿಂಗನ ಕಣ್ಣು ಸರಿ ಇಲ್ಲ. ಒಣಮೆಣಸಿನ್ಕಾಯಿ, ಉಪ್ಪು ನಿವಾಳ್ಸಿ ಕೆಂಡಕ್ಕಾಕು. ಘಾಟು ಬರ್ನಿಲ್ಲ ಅಂದ್ರೆ ದೃಷ್ಟಿ ತಗುಲ್ಕಂಡದೆ ಅಂತ ತಿಳ್ಕೊ."

ಮಾಡಿದೆ. ಗಾಳಿಗೆ ಕೆಂಡ ಆರುತ್ತದೆಂದು ಕಿಟಕಿಯನ್ನೂ ಮುಚ್ಚಿ ಮಾಡಿದೆ. ಘಾಟು ಚೆನ್ನಾಗಿಯೇ ಬಂತು. ಬೂದಪ್ಪ ಕೋಲಿನಿಂದ ಬಿದ್ದು, ಕೊಕ್ಕು ತೆರೆದುಕೊಂಡು ಬಾಲ ಅದುರಿಸುತ್ತ ಉಸಿರು ಎಳೆಯತೊಡಗಿದ. ಸವಿತಾ ಪಂಜರವನ್ನೇ ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಅರ್ಧ ಗಂಟೆಯ ಮೇಲೆ ಅವನು ಸುಧಾರಿಸಿಕೊಂಡ. ಅಷ್ಟು ಹೊತ್ತೂ ನಾನು ಅಂಗಳವನ್ನು ಸುತ್ತುತ್ತಲೇ ಇದ್ದೆ. ಸವಿತಾ ತಲೆ ಎತ್ತದೆ, "ಮೊದ್ಲು ನೀವು ಒಂದ್ ಕಡೆ ಕುಂತ್ಕಳಿ. ನಿಮ್ಮನ್ ನೋಡಿ ನಂಗೇ ಉಸ್ರು ಕಟ್ತದೆ, ಅದು ಪಕ್ಷಿ" ಅಂದಳು.

ಊರಿನ ದನದ ಡಾಕ್ಟರು ದೂರದಿಂದಲೇ ನೋಡಿ, "ನಂಗೆ ಎಮ್ಮೆ ಆದ್ರೆ ಗೊತ್ತಾಯ್ತದೆ ಕಣ್ರೀ" ಎಂದು ಮೈಸೂರಿಗೆ ಕಳಿಸಿದರು. ಅಲ್ಲಿ ಪಕ್ಷಿ ನೋಡುವ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು, ಗಾಯಕ್ಕೆ ಔಷಧಿ ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು. ಮೈಯಲ್ಲಿ ರೋಗವಿಲ್ಲ, ಮನಸ್ಸಿನಲ್ಲಿದೆ ಎಂದರು. ಹೊಗೆ ಹತ್ತಿರ ಸುಳಿಯಕೂಡದು. ಪಂಜರದೊಳಗೆ ಕೈ ಹಾಕಬಾರದು. ಕಣ್ಣಿಟ್ಟು ದಿಟ್ಟಿಸಬಾರದು, ದಿಟ್ಟಿಸಿದರೆ ಹಿಡಿಯಲು ಬಂದವನು ಎಂದುಕೊಳ್ಳುತ್ತದೆ. ಕಚ್ಚಿ ಹಾಳು ಮಾಡಲು ತೆಂಗಿನ ನಾರು, ಜೋಳದ ದಂಟು ಕೊಡಿ. ಕೊನೆಗೆ ಒಂದು ಮಾತು ಕೇಳಿದರು: "ದಿನದಲ್ಲಿ ಯಾವ ಹೊತ್ತಿನಲ್ಲಿ ಕಿತ್ತುಕೊಳ್ಳುತ್ತೆ? ಒಂದು ವಾರ ಬರೆದಿಡಿ. ಹೀಗೇ ಆದರೆ ಗಾಯ ಕೀವಾಗುತ್ತೆ, ಆಮೇಲೆ ಉಳಿಸೋದು ಕಷ್ಟ."

ಇಷ್ಟರ ನಡುವೆ ನನಗೆ ಒಂದೇ ಒಂದು ಸಮಾಧಾನ ಸಿಕ್ಕಿತ್ತು. ಅವನು ಬಂದು ಹದಿನೈದು ದಿನ ಕಳೆದ ಮೇಲೆ, ಪುಕ್ಕ ಬೀಳುವುದಕ್ಕೆ ಮೊದಲು, ಒಂದು ಸಂಜೆ ಫೋನಿನ ಸ್ಪೀಕರ್ ಹಾಕಿ ಪಂಜರದ ಹತ್ತಿರ ಹಿಡಿದಿದ್ದೆ. ಚಿಕ್ಕವ್ವ ಆ ಕಡೆಯಿಂದ, "ಬೂದಪ್ಪಾ, ಉಂಡ್ಯೇನಪ್ಪಾ" ಎಂದಳು. ಬೂದಪ್ಪ ಓಡಾಟ ನಿಲ್ಲಿಸಿದ. ಕತ್ತು ಉದ್ದ ಮಾಡಿದ. ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ಬಾಯಿಬಿಟ್ಟು, "ಯಾರ್ದಪ್ಪಾ ರಾಗಿ?" ಎಂದ. ಆ ಕಡೆ ಚಿಕ್ಕವ್ವ ನಕ್ಕಳು, ಈ ಕಡೆ ನಾನೂ ಸವಿತಾನೂ ನಕ್ಕೆವು. ಔಷಧಿ ಸಿಕ್ಕಿತು ಅಂದುಕೊಂಡೆ. ಅಂದಿನಿಂದ ದಿನಾ ಸಂಜೆ ಆರೂವರೆಗೆ ಫೋನು. ಹತ್ತು ನಿಮಿಷ ಮಾತು, ಕೊನೆಗೆ ಎಂದಿನಂತೆ "ಓಗ್ಬತ್ತೀನಿ ಕಣಪ್ಪ."

ಡಾಕ್ಟರು ಹೇಳಿದಂತೆ ಸವಿತಾ ತನ್ನ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದಳು. ಬೆಳಿಗ್ಗೆ ಇಲ್ಲ. ಮಧ್ಯಾಹ್ನವೂ ಇಲ್ಲ. ವಾರ ಮುಗಿದ ಮೇಲೆ ಹಾಳೆಯನ್ನು ನನ್ನ ಮುಂದೆ ಇಟ್ಟಳು. ಏಳು ದಿನವೂ, ಪುಕ್ಕ ಬಿದ್ದದ್ದೆಲ್ಲ ಸಂಜೆ ಆರೂಮುಕ್ಕಾಲರ ಮೇಲೆ.

ನಾನು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದೆ. ಅವಳೇ ಹೇಳಿದಳು. "ಅಲ್ಲಿ ಚಿಕ್ಕತ್ತೆ ದಿನಾ ಓಗ್ಬತ್ತೀನಿ ಅಂದ್ರೆ ಏನ್ ಮಾಡೋರು? ಓಗೋರು, ಬರೋರು. ಅನ್ನೆರಡು ವರ್ಸ ತಪ್ಪಿಲ್ಲ. ಇಲ್ಲಿ ದಿನಾ ದನಿ ಕೇಳ್ತದೆ, ಓಗ್ಬತ್ತೀನಿ ಅಂತಾರೆ, ಅದು ಬಾಗ್ಲು ನೋಡ್ಕಂಡು ಕಾಯ್ತದೆ. ಬರಾಕಿಲ್ಲ. ಇನ್ನೇನ್ ಮಾಡ್ಕತದೆ ಪಾಪ."

ಫೋನು ನಿಲ್ಲಿಸಬೇಕಿತ್ತು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಭಾನುವಾರ ಬೈಕಿನಲ್ಲಿ ನಾಗಮಂಗಲಕ್ಕೆ ಹೋದೆ. ದಾರಿಯುದ್ದಕ್ಕೂ ಎದುರುಗಾಳಿ. ನಾಲ್ಕು ಕಡೆ ನಿಲ್ಲಿಸಿ ನಾಲ್ಕು ಟೀ ಕುಡಿದೆ. ಹೋದ ಮೇಲೂ ಗಿರಣಿಯ ಬೆಲ್ಟ್ ನೋಡಿದೆ, ಚಿಕ್ಕಪ್ಪನ ಜೊತೆ ಮಳೆ ಬೆಳೆ ಮಾತಾಡಿದೆ, ಹಿತ್ತಲಿಗೆ ಹೋಗಿ ಬಂದೆ. ಚಿಕ್ಕವ್ವ ಉಪ್ಪರಿಗೆಯ ಕೋಣೆಯಲ್ಲಿದ್ದಳು. ಧೂಳು ಅಲ್ಲಿಗೆ ಏರುವುದಿಲ್ಲವೆಂದು ಮಗ ಮಾಡಿಕೊಟ್ಟಿದ್ದ ಕೋಣೆ. ಮೂರು ಹೊತ್ತು ಜನರ ನಡುವೆ ನಿಂತವಳು ಕಿಟಕಿಯ ಸರಳು ಹಿಡಿದುಕೊಂಡು ಕೆಳಗಿನ ಗಿರಣಿ ನೋಡುತ್ತಿದ್ದಳು.

"ಅದೇನು ಅಂತ ಬೊಗಳ್ಲಾ. ಬಂದಾಗ್ನಿಂದ ಬಾಲ ಸುಟ್ಟ ಬೆಕ್ಕಿನಂಗೆ ಸುತ್ತಾ ಇದ್ದೀಯ. ಸತ್ತೋಯ್ತಾ?"

"ಇಲ್ಲ ಚಿಕ್ಕವ್ವ." ಆಮೇಲೆ ಎಲ್ಲವನ್ನೂ ಹೇಳಿದೆ. ಬರಿದಾದ ಎದೆ, ರಕ್ತ, ಸವಿತಾಳ ಹಾಳೆ. "ನೀನು ಮಾತಾಡ್ಬಾರ್ದು ಅಂತಲ್ಲ. ನಿನ್ ದನಿ ಅವನಿಗೆ ಕೇಳಿಸ್ಬಾರ್ದು."

ಚಿಕ್ಕವ್ವ ಮತ್ತೆ ಕಿಟಕಿಯ ಕಡೆ ತಿರುಗಿದಳು. ಕೆಳಗಡೆ ಮೋಟರು ಓಡುತ್ತಲೇ ಇತ್ತು. ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು.

"ಎಷ್ಟ್ ದಿನ?"

"ಗೊತ್ತಿಲ್ಲ ಚಿಕ್ಕವ್ವ."

"ಉಳ್ಕತದಾ?"

"ಅದೂ ಗೊತ್ತಿಲ್ಲ."

ಅವಳು ಔಷಧಿ ಎಳೆದುಕೊಳ್ಳುವ ಪಂಪನ್ನು ಸೊಂಟದಿಂದ ತೆಗೆದು, ಎಳೆದುಕೊಳ್ಳದೆ, ಕೈಯಲ್ಲೇ ತಿರುಗಿಸುತ್ತ ಕುಳಿತಳು. "ಆಯ್ತು ಓಗು. ರಾಗಿ ಇಟ್ಟು ಬೀಸ್ಸಿಟ್ಟಿದ್ದೀನಿ, ತಗಂಡೋಗು" ಅಂದಳು. ಗಿರಣಿಯ ಒಳಗೆ ಕಾಲಿಡದವಳು ನನಗಾಗಿ ಯಾರಿಂದಲೋ ಬೀಸಿಸಿಟ್ಟಿದ್ದಳು.

ಅಂದಿನಿಂದ ಸಂಜೆಯ ಫೋನು ನಿಂತಿತು. ಮಧ್ಯಾಹ್ನ ನನ್ನ ಕಚೇರಿಗೆ ಮಾಡುತ್ತಿದ್ದಳು. ಮಾಡಿದರೂ ಪಿಸುಗುಟ್ಟುತ್ತಿದ್ದಳು. "ಚಿಕ್ಕವ್ವ, ಇದು ಪಾಂಡವಪುರ. ಗಿಣಿ ಮನೇಲದೆ" ಅಂದರೆ, "ಇರ್ಲಿ ಕಣ್ಲಾ, ಯಾತಕ್ಕೆ" ಅನ್ನುತ್ತಿದ್ದಳು, ಮತ್ತೂ ದನಿ ತಗ್ಗಿಸಿ.

ಬೂದಪ್ಪ ಕೂಡಲೇ ಸರಿಹೋಗಲಿಲ್ಲ. ಆರೂವರೆಗೆ ಬಂದು ಕೋಲಿನ ತುದಿಯಲ್ಲಿ ನಿಂತು ನನ್ನ ಜೇಬನ್ನು ನೋಡುತ್ತಿದ್ದ. ಹಾಗೆ ಹತ್ತು ಹನ್ನೆರಡು ದಿನ. ಆಮೇಲೆ ಜೇಬು ನೋಡುವುದನ್ನು ಬಿಟ್ಟ. ನನಗೆ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ದಾರಿ ಸಿಕ್ಕಿದ್ದು ಸವಿತಾಳಿಗೆ. ಶ್ರಾವಣಕ್ಕೆ ರವಿಕೆಗಳ ಕೆಲಸ ರಾಶಿ ಬಿದ್ದಿತ್ತು. ಅವಳು ಹಗಲೆಲ್ಲ ಮೆಷಿನ್ನಿಗೆ ಕೂತಿರುತ್ತಿದ್ದಳು. ಮೋಟರು ಹಾಕಿಸಿದ ಮೆಷಿನ್ನು ಅದು. ಅದು ಓಡುವಾಗ ಬೂದಪ್ಪ ಓಡಾಡುವುದಿಲ್ಲ, ನಿಂತಾಗ ಓಡಾಡುತ್ತಾನೆ ಎನ್ನುವುದನ್ನು ಅವಳು ಗಮನಿಸಿದ್ದಳು. ಮರಿಯಾಗಿದ್ದಾಗಿನಿಂದ ಗಿರಣಿಯ ಸದ್ದಿನಲ್ಲಿ ಬೆಳೆದವನಿಗೆ ನಮ್ಮ ಮನೆಯ ನಿಶ್ಶಬ್ದವೇ ಭಯವಾಗಿತ್ತೇನೋ. ಪಂಜರವನ್ನು ಮೆಷಿನ್ನಿನ ಪಕ್ಕಕ್ಕೆ, ಕಿಟಕಿಯ ಹತ್ತಿರಕ್ಕೆ ತಂದಿಟ್ಟಳು. ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೇಯಿಸಿದ ಜೋಳದ ಕಾಳು ಬಟ್ಟಲಲ್ಲಿಟ್ಟು ತನ್ನ ಪಾಡಿಗೆ ತಾನು ಹೊಲಿಯುವಳು. ಮೊದಲ ವಾರ ಅವಳು ಎದ್ದು ಹೋದ ಮೇಲೆ ತಿಂದ. ಎರಡನೆಯ ವಾರ ಅವಳು ಕೂತಿರುವಾಗಲೇ ತಿಂದ. ಮೂರನೆಯ ವಾರದ ಹೊತ್ತಿಗೆ ಅವಳು ಎಸೆದ ಬಟ್ಟೆಯ ಅಂಚುಗಳನ್ನು ಸರಳಿನಿಂದ ಎಳೆದುಕೊಂಡು ನೂಲು ನೂಲಾಗಿ ಬಿಡಿಸತೊಡಗಿದ. ಎದೆಯ ಪುಕ್ಕದ ಬದಲು ರವಿಕೆಯ ಅಂಚು.

ನನಗೆ ತಾಳ್ಮೆ ಇರಲಿಲ್ಲ. ಅವಳಿಗೆ ಒಲಿದದ್ದು ನನಗೇಕಿಲ್ಲ ಎಂದು ಒಂದು ದಿನ ಅವಳು ನೀರಿಗೆ ಹೋದಾಗ ಪಂಜರದ ಬಾಗಿಲು ತೆರೆದು ಕೈ ಚಾಚಿದೆ. ಬೆರಳನ್ನು ಮೂಳೆಗೆ ತಗಲುವಂತೆ ಕಚ್ಚಿದ. ನಾನು ಕೂಗಿ ಕೈ ಎಳೆದ ರಭಸಕ್ಕೆ ಪಂಜರ ಅಲುಗಿ ಬಟ್ಟಲು ಬಿತ್ತು. ಅಂದು ಸಂಜೆ ಮತ್ತೆ ಐದು ಪುಕ್ಕ ಬಿದ್ದವು. ಸವಿತಾ ನನ್ನ ಬೆರಳಿಗೆ ಬಟ್ಟೆ ಸುತ್ತುತ್ತ ಬೈಯಲಿಲ್ಲ. ಹಾಳೆಯ ಮೇಲೆ ಐದು ಎಂದು ಬರೆದು, ಪಕ್ಕದಲ್ಲಿ ನನ್ನ ಹೆಸರು ಬರೆದಳು.

ಅಂದಿನಿಂದ ನನಗೆ ಒಂದು ಶಿಕ್ಷೆಯಾಯಿತು. ಕಚೇರಿಯಿಂದ ಬಂದವನು ಕೀಲಿ, ಫೋನು, ಗಡಿಯಾರ ಒಳಗಿಟ್ಟು, ಪಂಜರಕ್ಕೆ ಬೆನ್ನು ಮಾಡಿ ಅರ್ಧ ಗಂಟೆ ನೆಲದ ಮೇಲೆ ಕೂರಬೇಕು. ಸವಿತಾ ಗುಂಡಿ ಹೊಲಿಯಲು ಕೊಡುತ್ತಿದ್ದಳು. ಗುಂಡಿ ಹೊಲಿದೆ. ಮೊದಲು ಕಾಲು ಜೋಮು ಹಿಡಿಯುತ್ತಿತ್ತು, ತಲೆಯಲ್ಲಿ ಕಚೇರಿಯ ಕಡತಗಳೆಲ್ಲ ಓಡುತ್ತಿದ್ದವು. ನಿಂಗಣ್ಣ ಕಿಟಕಿಯಿಂದ, "ಎಂಡ್ರು ಕೆಲ್ಸಕ್ ಸೇರ್ಕಂಡ್ಬುಟ್ಯಾ? ನಂದೂ ಒಂದ್ ಅಂಗಿ ಗುಂಡಿ ಓಗದೆ" ಅಂದು ಹೋಗುವನು. ಮಹಾಲಯ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ಬೆನ್ನ ಹಿಂದೆ ಏನೋ ಸಣ್ಣಗೆ ಎಳೆದಂತಾಯಿತು. ಸರಳಿನ ನಡುವಿನಿಂದ ಕೊಕ್ಕು ತೂರಿಸಿ ಬೂದಪ್ಪ ನನ್ನ ಅಂಗಿಯ ಕಾಲರು ಹಿಡಿದಿದ್ದ. ಕಚ್ಚಲಿಲ್ಲ. ಹಿಡಿದುಕೊಂಡು, ಬಿಟ್ಟು, ಮತ್ತೆ ಹಿಡಿದ. ನಾನು ಉಸಿರು ಬಿಗಿಹಿಡಿದು ಗುಂಡಿ ಹೊಲಿಯುತ್ತಲೇ ಇದ್ದೆ. ಎಲ್ಲ ಗುಂಡಿಗಳೂ ಸೊಟ್ಟಗಿದ್ದವೆಂದು ಸವಿತಾ ಬಿಚ್ಚಿ ಮತ್ತೆ ಹೊಲಿದಳು.

ದಸರಾ ಮುಗಿಯುವ ಹೊತ್ತಿಗೆ ಎದೆಯ ಮೇಲೆ ಮುಳ್ಳಿನಂಥ ಹೊಸ ಪುಕ್ಕಗಳು ಮೂಡಿದವು. ಒಂದೊಂದೂ ಬಿಳಿಯ ಒರೆಯಲ್ಲಿ ಮಡಚಿಕೊಂಡು ಬರುತ್ತಿತ್ತು. ದೀಪಾವಳಿಯ ಪಟಾಕಿಗೆ ಮೂರು ದಿನ ಮತ್ತೆ ಓಡಾಡಿದ, ಆದರೆ ಕಿತ್ತುಕೊಳ್ಳಲಿಲ್ಲ. ಅಷ್ಟರಲ್ಲಿ ಅವನು ಪಂಜರದಿಂದ ಹೊರಬಂದು ಮೆಷಿನ್ನಿನ ಹಲಗೆಯ ಮೇಲೆ, ಅಲ್ಲಿಂದ ಸವಿತಾಳ ಹೆಗಲ ಮೇಲೆ ಏರುವುದನ್ನು ಕಲಿತಿದ್ದ.

ಕಾರ್ತಿಕದಲ್ಲಿ ಚಿಕ್ಕವ್ವ ಮೈಸೂರಿನ ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದವಳು ವಾಪಸು ಹೋಗುವಾಗ ನಮ್ಮ ಊರಿನ ಸ್ಟಾಪಿನಲ್ಲಿ ಒಬ್ಬಳೇ ಇಳಿದಳು. ಇಳಿದು ನನಗೆ ಫೋನು ಮಾಡಿದಳು. ಅವತ್ತು ರಜೆ, ನಾನು ಓಡಿದೆ. ಬಸ್ ಸ್ಟಾಪಿನ ನೆರಳಲ್ಲಿ ನಿಂತಿದ್ದಳು. ಮೈ ಸ್ವಲ್ಪ ಇಳಿದುಹೋಗಿತ್ತು.

"ಮನೆಗೆ ಬರಾಕಿಲ್ಲ. ದೂರದಿಂದ ತೋರ್ಸು ಸಾಕು. ನಾನ್ ಬಾಯ್ ಬುಡಾಕಿಲ್ಲ."

ನಿಂಗಣ್ಣನ ಜಗುಲಿಯಿಂದ ನಮ್ಮ ಕಿಟಕಿ ನೇರಕ್ಕೆ ಕಾಣುತ್ತದೆ. ಅಲ್ಲಿ ಕಂಬದ ಮರೆಗೆ ಅವಳನ್ನು ನಿಲ್ಲಿಸಿದೆ. ನಿಂಗಣ್ಣನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದೆ. ಯಾವತ್ತೂ ಬಾಯಿ ಮುಚ್ಚದವನು ಕುರ್ಚಿಯನ್ನು ಸದ್ದಿಲ್ಲದೆ ಅವಳತ್ತ ತಳ್ಳಿದ. ಅವಳು ಕೂರಲಿಲ್ಲ. ಎದುರು ಕಿಟಕಿಯಲ್ಲಿ ಮೆಷಿನ್ನು ಓಡುತ್ತಿತ್ತು. ಬೂದಪ್ಪ ಸವಿತಾಳ ಹೆಗಲ ಮೇಲೆ ಕೂತು, ಅವಳ ಬಾಯಿ ನೋಡುತ್ತ, ಅವಳು ಬೆರಳ ತುದಿಯಲ್ಲಿ ಹಿಡಿದ ಮುದ್ದೆಯ ಚೂರನ್ನು ಕೊಕ್ಕಿನಲ್ಲಿ ತೆಗೆದುಕೊಂಡು ಕಾಲಿಗೆ ಬದಲಾಯಿಸಿ ನಿಧಾನವಾಗಿ ತಿಂದ. ಎದೆ ತುಂಬ ಪುಕ್ಕ.

ಚಿಕ್ಕವ್ವನ ಕುತ್ತಿಗೆಯ ನರಗಳು ಉಬ್ಬಿದ್ದನ್ನು ನಾನು ಆಗ ಕಂಡೆ. ಕೆಮ್ಮು ಬಂದಿತ್ತು. ಹನ್ನೆರಡು ವರ್ಷ ಹಗಲೂ ರಾತ್ರಿ ಆ ಕೆಮ್ಮನ್ನು ಕೇಳಿದವನು ಬೂದಪ್ಪ, ಒಂದು ಸಲ ಕೇಳಿದ್ದರೂ ಸಾಕಿತ್ತು, ಗುರುತು ಹಿಡಿಯುತ್ತಿದ್ದ. ಅವಳು ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಕಣ್ಣಲ್ಲಿ ನೀರು ಹರಿಯಿತು, ಮುಖ ಕಪ್ಪಿಟ್ಟಿತು. ನಾನು ಹಿಡಿಯಲು ಹೋದರೆ ಕೈ ಕೊಡವಿದಳು. ಬೂದಪ್ಪ ಒಮ್ಮೆ ತಲೆ ಎತ್ತಿ ಬೀದಿಯ ಕಡೆ ನೋಡಿದ. ಮತ್ತೆ ಮುದ್ದೆಗೆ ಬಗ್ಗಿದ.

ಚಿಕ್ಕವ್ವ ಜಗುಲಿ ಇಳಿದು ಮುಖ್ಯರಸ್ತೆಯತ್ತ ಬಿರಬಿರನೆ ನಡೆದಳು. ಅವಳು ಅಷ್ಟು ವೇಗವಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ತಿರುವು ದಾಟಿ, ಲಾರಿಗಳ ಸದ್ದು ಕೇಳುವಷ್ಟು ದೂರ ಬಂದ ಮೇಲೆ, ಒಂದು ಕಾಂಪೌಂಡು ಗೋಡೆಗೆ ಕೈಯೂರಿ, ಅಷ್ಟೂ ಕೆಮ್ಮನ್ನು ಒಟ್ಟಿಗೇ ಕೆಮ್ಮಿದಳು. ಪಂಪು ಎಳೆದುಕೊಳ್ಳುವವರೆಗೆ ಬೆನ್ನು ನೀವಿದೆ.

ಅವಳಿಗೆ ಸಮಾಧಾನ ಹೇಳಬೇಕೆನಿಸಿತು. "ಅವ್ನು ನಿನ್ನ ಮರ್ತಿಲ್ಲ ಚಿಕ್ಕವ್ವ" ಅಂದೆ.

"ಮರೀಲಿ ಬುಡ್ಲಾ" ಅಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಮರೀಲಿ ಅಂತಾನೇ ಅಲ್ವಾ ಇಷ್ಟ್ ದಿನ ಬಾಯ್ ಕಟ್ಕಂಡಿದ್ದು."

ನಾಗಮಂಗಲದ ಬಸ್ಸು ಬಂತು. ಹತ್ತಿದಳು. ಕಿಟಕಿಯ ಪಕ್ಕ ಕೂತವಳು ಪಕ್ಕದ ಸೀಟಿನ ಹೆಂಗಸಿನ ಕಡೆ ತಿರುಗಿ, ಬಸ್ಸು ಹೊರಡುವ ಮೊದಲೇ ಮಾತು ಶುರು ಮಾಡಿದಳು.